ಕೊರಿಯರ್ ಫಾಂಟಿನಲ್ಲಿ ಚಿತ್ರಕಥೆಯ ಪುಟ ಹೊಂದಿಸುವ ಕ್ರಮ

ಬೆರಳಚ್ಚು ಯಂತ್ರದಲ್ಲಿ ಯಾವ ಕೀಲಿಯನ್ನು ಒತ್ತಿದರೂ ಕ್ಯಾರೇಜ್ ಒಂದೇ ಅಳತೆಯಷ್ಟು ಸರಿಯುತ್ತಿದ್ದುದರಿಂದ, ಇಂಗ್ಲಿಷಿನ ಕಿರಿದಾದ 'ಐ'ಗೂ ಅಗಲವಾದ 'ಎಂ'ಗೂ ಸಮನಾದ ಜಾಗವೇ ದೊರೆಯುತ್ತಿತ್ತು. 1950ರ ದಶಕದಲ್ಲಿ ಐಬಿಎಂ ಯಂತ್ರಗಳಿಗಾಗಿ ಹೊವರ್ಡ್ ಕೆಟ್ಲರ್ ರೂಪಿಸಿದ ಕೊರಿಯರ್ ಈ ಕಟ್ಟುಪಾಡನ್ನು ಬಹಳ ಚೆನ್ನಾಗಿ ನಿಭಾಯಿಸಿತು: ಕಿರಿದಾದ ಅಕ್ಷರಗಳ ಬುಡಕ್ಕೆ ಉದ್ದನೆಯ ಅಡ್ಡಗೆರೆ ಎಳೆದು, ಸುತ್ತಲಿನ ಖಾಲಿ ಜಾಗ ಕಣ್ಣಿಗೆ ಕುಕ್ಕದಂತೆ ಮಾಡಿತು.

ಹಾಲಿವುಡ್ಡಿನ ಚಿತ್ರಕಥೆಗಳು ಇಂದಿಗೂ ಇದರಲ್ಲೇ ಇರುವುದಕ್ಕೆ ಕಾರಣ ಅಳತೆ. 12 ಪಾಯಿಂಟ್ ಗಾತ್ರದಲ್ಲಿ ಒಂದು ಇಂಚಿಗೆ ಸರಿಯಾಗಿ 10 ಅಕ್ಷರಗಳೂ 6 ಸಾಲುಗಳೂ ಹಿಡಿಯುವುದರಿಂದ, ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ರೂಢಿಯಲ್ಲಿದೆ. ಆ ಲೆಕ್ಕ ಉಳಿಯಬೇಕಾದರೆ ಎಡ ಅಂಚನ್ನು 1.5 ಇಂಚಿಗೂ ಉಳಿದ ಮೂರನ್ನು ತಲಾ 1 ಇಂಚಿಗೂ ಇಡಿ. ಸಂಭಾಷಣೆಯನ್ನು ಕಾಗದದ ಎಡತುದಿಯಿಂದ 2.5 ಇಂಚಿಗೆ ಆರಂಭಿಸಿ, ಸಾಲಿಗೆ ಸುಮಾರು 35 ಅಕ್ಷರಗಳಿಗೆ ನಿಲ್ಲಿಸಿ. ಸಾಲುಗಳ ನಡುವಣ ಅಂತರವನ್ನು ತಂತ್ರಾಂಶದ ಮರ್ಜಿಗೆ ಬಿಡದೆ 12 ಪಾಯಿಂಟ್ ಎಂದೇ ನಮೂದಿಸಿ. ಎರಡೂ ಬದಿಯನ್ನು ಸಮನಾಗಿಸುವ ಆಯ್ಕೆಯನ್ನಂತೂ ಬಳಸಲೇಬೇಡಿ. ಅದು ಪದಗಳ ನಡುವಿನ ಜಾಗವನ್ನು ಹಿಗ್ಗಿಸಿ, ಈ ಫಾಂಟಿನ ಇಡೀ ಪ್ರಯೋಜನವನ್ನೇ ಕೆಡಿಸುತ್ತದೆ. ಈ ಅಳತೆಗಳೆಲ್ಲ 11 ಇಂಚು ಎತ್ತರದ ಅಮೆರಿಕದ ಲೆಟರ್ ಕಾಗದಕ್ಕೆ ಸೇರಿದವು. ನಮ್ಮಲ್ಲಿ ಬಳಕೆಯಲ್ಲಿರುವ ಎ4 ಅದಕ್ಕಿಂತ ಎತ್ತರವಾಗಿದ್ದು ನಾಲ್ಕು ಸಾಲು ಹೆಚ್ಚು ಹಿಡಿಯುವುದರಿಂದ, ಕೆಳಗಿನ ಅಂಚನ್ನು ಅಷ್ಟು ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ವಿಂಡೋಸಿನಲ್ಲಿ ಸಿಗುವ ಕೊರಿಯರ್ ನ್ಯೂ ಬಹಳ ತೆಳುವಾಗಿದ್ದು ಮುದ್ರಣದಲ್ಲಿ ಮಂಕಾಗಿ ಕಾಣುತ್ತದೆ. ಚಿತ್ರಕಥೆಗೆಂದೇ 2013ರಲ್ಲಿ ಬಂದ ಕೊರಿಯರ್ ಪ್ರೈಮ್ ಉಚಿತವಾಗಿ ದೊರೆಯುತ್ತದೆ. ನಾನು ಅದನ್ನೇ ಸೂಚಿಸುತ್ತೇನೆ.

ಕನ್ನಡದಲ್ಲಿ ಸಂಭಾಷಣೆ ಬರೆಯುವವರು ಒಂದು ವಿಷಯವನ್ನು ಗಮನದಲ್ಲಿಡಬೇಕು. ಕೊರಿಯರ್‌ನಲ್ಲಿ ಕನ್ನಡದ ಅಕ್ಷರಗಳಿಲ್ಲ, ಆದ್ದರಿಂದ ಗಣಕಯಂತ್ರವು ತಾನಾಗಿಯೇ ಬೇರೊಂದು ಫಾಂಟನ್ನು ತಂದು ಕೂರಿಸುತ್ತದೆ. ಅಲ್ಲದೆ 'ರ' ಮತ್ತು 'ಝ' ಒಂದೇ ಅಗಲದಲ್ಲಿ ಅಂದವಾಗಿ ಕೂರುವಂಥವಲ್ಲ, ಒತ್ತಕ್ಷರಗಳಂತೂ ಸಾಲಿನ ಕೆಳಗೂ ಇಳಿಯುತ್ತವೆ. ಹೀಗಾಗಿ ಕನ್ನಡ ಭಾಗಕ್ಕೆ ಓದಲು ಹಿತವಾದ ಒಂದು ಫಾಂಟನ್ನು ನೀವೇ ಆರಿಸಿ, ಸಾಲಿನ ಅಂತರವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ. ಕಾಲದ ಲೆಕ್ಕವನ್ನು ಪುಟಗಳಿಂದ ತೆಗೆಯದೆ, ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ ಪ್ರತಿ ದೃಶ್ಯದ ಪಕ್ಕದಲ್ಲಿ ಬರೆದಿಡಿ.