ಸಾಕು, ಬ್ರಷ್ ಕೆಳಗಿಡಿ

ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುವ ಮುಂಚೆ ಎರಡು ವರ್ಷ ವಿಡಿಯೊ ನೋಡಿಕೊಂಡೇ ಎಣ್ಣೆಬಣ್ಣ ಬಳಿದಿದ್ದೆ. ಒಟ್ಟು 14 ಕ್ಯಾನ್ವಾಸ್. ಚಿತ್ರಗಳು ಬೇರೆ ಬೇರೆಯೇ, ಆದರೆ ಎಲ್ಲವೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಬಣ್ಣಕ್ಕೆ: ಕೆಸರು. ಶುರುವಿನ ಅರ್ಧ ಗಂಟೆ ಚೆನ್ನಾಗೇ ಇರುತ್ತಿತ್ತು. ಆಮೇಲೆ ಇಲ್ಲೊಂಚೂರು ಸರಿಮಾಡೋಣ, ಅಲ್ಲೊಂಚೂರು ತಿದ್ದೋಣ ಅಂತ ಕೈ ಹಾಕುತ್ತಿದ್ದೆ. ಬೇಗ ಒಣಗಲ್ಲ ಅನ್ನುವುದೇ ಎಣ್ಣೆಬಣ್ಣದ ಸುಖ, ಅದೇ ಅದರ ಕಷ್ಟ ಕೂಡ. ಹಸಿಯಾಗಿರುವ ಕೆಂಪಿನ ಮೇಲೆ ಹಸಿರು ತಿಕ್ಕಿದರೆ ಎರಡೂ ಸತ್ತು ಕಂದಾಗುತ್ತವೆ. ವಿಡಿಯೊದಲ್ಲಿ ಕಲಿಸುವವರಿಗೆ ನನ್ನ ಕ್ಯಾನ್ವಾಸ್ ಕಾಣಲ್ಲವಲ್ಲ. ಕೈ ತಪ್ಪುವ ಆ ಗಳಿಗೆಯಲ್ಲಿ ಯಾರಾದರೂ ಪಕ್ಕದಲ್ಲಿರಬೇಕು ಅನ್ನಿಸಿತು. ಆಗ ನನಗೆ 43.

ಮೊದಲು ಸೇರಿದ ಕಡೆ ಕಲಿಸುವವರು ಪಕ್ಕದಲ್ಲೇನೋ ಇದ್ದರು, ಜಾಸ್ತಿಯೇ ಇದ್ದರು. ನಾನು ಎಡವಿದ ತಕ್ಷಣ ‘ಕೊಡಿ ಇಲ್ಲಿ’ ಅಂತ ಬ್ರಷ್ ಇಸ್ಕೊಂಡು ತಾವೇ ತಿದ್ದುತ್ತಿದ್ದರು. ಮೂರು ವಾರದಲ್ಲಿ ಒಂದು ಚೆಂದದ ಕೆರೆಯ ಚಿತ್ರ ತಯಾರಾಯಿತು. ಮನೆಗೆ ಬಂದವರೆಲ್ಲ ಹೊಗಳಿದರು. ನೀರಿನ ಮೇಲಿನ ಬೆಳಕು ಎಷ್ಟು ಚೆನ್ನಾಗಿ ಬಂದಿದೆ ಅಂದರು. ಬೆಳಕು ಅವರದ್ದು, ನೀರೂ ಅವರದ್ದೇ. ನನ್ನದು ಅಂತ ಇದ್ದದ್ದು ದಡದ ಮೇಲಿನ ಒಂದು ಪೊದೆ, ಕೆಳಗಿನ ಸಹಿ. ಆ ಚಿತ್ರವನ್ನು ಬೀರುವಿನ ಹಿಂದೆ ಇಟ್ಟು ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಹಾಗಾಗಿ ಈ ಮೇಷ್ಟ್ರನ್ನು ಮೊದಲ ಸಲ ನೋಡಲು ಹೋದಾಗ ನಾಚಿಕೆ ಬಿಟ್ಟು ಕೇಳಿದೆ: ‘ಸರ್, ನನ್ನ ಕ್ಯಾನ್ವಾಸ್ ಮೇಲೆ ನೀವು ಬ್ರಷ್ ಇಡ್ತೀರಾ?’ ಅವರು ನಕ್ಕರು. ‘ಇಡಲ್ಲ. ತೋರಿಸೋದಿದ್ರೆ ಪಕ್ಕದಲ್ಲಿ ಬೇರೆ ಹಲಗೆ ಮೇಲೆ ತೋರಿಸ್ತೀನಿ. ನಿಮ್ಮದು ಕೆಟ್ಟರೆ ನಿಮ್ಮದಾಗೇ ಕೆಡಲಿ.’ ಅಲ್ಲೇ ಸೇರಿದೆ. ಒಬ್ಬರೇ ಪಾಠ ಹೇಳಿಸಿಕೊಳ್ಳಬೇಕು ಅಂತಿರುವವರು ಬೇರೇನು ಕೇಳದಿದ್ದರೂ ಇದೊಂದನ್ನು ಕೇಳಿ.

ವಾರಕ್ಕೆ ಒಂದು ಸಲ, ಎರಡು ಗಂಟೆ. ನನಗೆ ಹುರುಪು ಜಾಸ್ತಿ, ವಾರಕ್ಕೆ ಎರಡು ಸಲ ಬರಲಾ ಅಂದೆ. ಬೇಡ ಅಂದರು. ನಡುವೆ ಮನೆಯಲ್ಲಿ ಕೂತು ನೀವೇ ಕೆಡಿಸದಿದ್ದರೆ ನನ್ನ ಹತ್ತಿರ ಏನು ತರ್ತೀರಿ ಅಂತ ಅವರ ವಾದ.

ನನ್ನ 24 ಟ್ಯೂಬಿನ ಪೆಟ್ಟಿಗೆಯನ್ನು ಹೆಮ್ಮೆಯಿಂದ ತೆರೆದಿಟ್ಟೆ. ಅದರಿಂದ ಎರಡನ್ನು ಎತ್ತಿಕೊಂಡು ಉಳಿದದ್ದನ್ನು ಮುಚ್ಚಿದರು. ಬರ್ಂಟ್ ಅಂಬರ್, ಟೈಟಾನಿಯಂ ವೈಟ್. ಒಂದು ಕಂದು, ಒಂದು ಬಿಳಿ. ಒಂದೂವರೆ ತಿಂಗಳು ಇವೆರಡರಲ್ಲೇ ಕಳೆದೆ.

ಬಿಳಿ ಬಟ್ಟೆಯ ಮೇಲೆ ಒಂದು ಬಿಳಿ ಪಿಂಗಾಣಿ ಕಪ್ಪು ಇಟ್ಟು, ಒಂದು ಪಕ್ಕದಿಂದ ದೀಪ ಹಾಕಿ, ‘ಬಿಳಿ ಕಪ್ಪು ಬಿಡಿಸಿ’ ಅಂದರು. ಬಿಳಿಯೋ ಕಪ್ಪೋ ಅಂತ ಒಂದು ಕ್ಷಣ ತಬ್ಬಿಬ್ಬಾದೆ. ಪಾಠ ಇದ್ದದ್ದೂ ಅಲ್ಲೇ ಅಂತ ಆಮೇಲೆ ಗೊತ್ತಾಯಿತು. ಬಿಳಿ ವಸ್ತು ಅಂತ ನಾನು ಬರೀ ಬಿಳಿ ಹಚ್ಚುತ್ತಾ ಹೋದೆ. ನೆರಳಿಗೆ ಅಂತ ಒಂಚೂರು ಕಂದು ಬೆರೆಸಿದೆ, ಅದೂ ಹೆದರಿ ಹೆದರಿ. ಬಂದದ್ದು ಚಪ್ಪಟೆ ತಟ್ಟೆ. ಮೇಷ್ಟ್ರು ಏನೂ ಅನ್ನಲಿಲ್ಲ. ಬೂದು ಬಣ್ಣದ ಒಂದು ರಟ್ಟಿನ ತುಂಡು ತಂದರು, ಅದರಲ್ಲಿ ಕಾಳುಮೆಣಸಿನಷ್ಟು ಎರಡು ತೂತು. ಒಂದು ತೂತಿನಲ್ಲಿ ಕಪ್ಪಿನ ನೆರಳು ಬದಿ, ಇನ್ನೊಂದರಲ್ಲಿ ದೀಪದ ಕೆಳಗಿನ ಮರದ ಮೇಜು ಕಾಣುವ ಹಾಗೆ ಹಿಡಿದು, ಒಂದೇ ಕಣ್ಣಲ್ಲಿ ನೋಡಿ ಅಂದರು. ನೋಡಿದೆ. ‘ಬಿಳಿ’ ಕಪ್ಪು ‘ಕಂದು’ ಮೇಜಿಗಿಂತ ಗಾಢವಾಗಿತ್ತು.

ನಂಬಿಕೆ ಬರಲಿಲ್ಲ. ರಟ್ಟು ತೆಗೆದು ನೋಡಿದರೆ ಕಪ್ಪು ಮತ್ತೆ ಬೆಳ್ಳಗೆ. ರಟ್ಟು ಹಿಡಿದರೆ ಗಾಢ. ನಾಲ್ಕೈದು ಸಲ ಹೀಗೇ ಮಾಡಿದೆ. ಕಪ್ಪು ಬಿಳಿ ಅಂತ ಮೊದಲೇ ಗೊತ್ತಿದ್ದದ್ದಕ್ಕೆ ಕಣ್ಣು ನೋಡುವ ಕೆಲಸವನ್ನೇ ಮಾಡುತ್ತಿರಲಿಲ್ಲ. 43 ವರ್ಷದಿಂದ ಹೀಗೇ ನಡೆದಿದೆ! ರಟ್ಟು ಇಲ್ಲದಾಗ ಕಣ್ಣು ಅರೆ ಮುಚ್ಚಿ ನೋಡುವುದನ್ನು ರೂಢಿ ಮಾಡಿಸಿದರು. ಅರೆ ಮುಚ್ಚಿದರೆ ಸಣ್ಣಪುಟ್ಟದ್ದೆಲ್ಲ ಅಳಿಸಿಹೋಗಿ ತಿಳಿ, ನಡು, ಗಾಢ ಅಂತ ನಾಲ್ಕಾರು ಆಕಾರ ಮಾತ್ರ ಉಳಿಯುತ್ತವೆ. ಕಪ್ಪಿನ ನೆರಳು ಬದಿಯೂ ಬಟ್ಟೆಯ ಮೇಲೆ ಬಿದ್ದ ಅದರ ನೆರಳೂ ಕೂಡಿಕೊಂಡು ಒಂದೇ ಆಕಾರವಾಗಿ, ನಡುವಿನ ಅಂಚೇ ಇಲ್ಲ. ಅಂಚು ಕಾಣದಿದ್ದ ಕಡೆ ಅಂಚು ಬರೆಯಬೇಡಿ ಅಂದರು. ಹಾಗೆ ಮಾಡಿದ ದಿನ ಬಟ್ಟೆಯ ಮೇಲೆ ಕಪ್ಪು ಮೊದಲ ಸಲ ಕೂತಿತು. ಅಲ್ಲಿಯವರೆಗೆ ತೇಲುತ್ತಿತ್ತು.

ಬಣ್ಣಕ್ಕೆ ಬಂದದ್ದು ಆಮೇಲೆ, ಅದೂ ನಾಲ್ಕೇ. ಬಿಳಿ, ಐವರಿ ಬ್ಲ್ಯಾಕ್ ಅನ್ನುವ ಕಪ್ಪು, ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ, ಒಂದು ಬೆಚ್ಚನೆಯ ಕೆಂಪು. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ ಹೆಸರಲ್ಲಿ ಕರೆಯುವ ಪ್ಯಾಲೆಟ್, ಅಂದರೆ ಬಣ್ಣಗಳ ಜೋಡಣೆ, ಇದು. ನೀಲಿ ಎಲ್ಲಿ, ಹಸಿರೆಲ್ಲಿ ಅಂದೆ. ಕಪ್ಪಿಗೆ ಓಕರ್ ಕಲಸಿ ಅಂದರು. ಕಲಸಿದೆ, ಮಾಸಲು ಹಸಿರು ಬಂತು. ಕಪ್ಪಿಗೆ ಬಿಳಿ ಕಲಸಿ ಕೆಂಪಿನ ಪಕ್ಕ ಇಟ್ಟರೆ ಅದು ನೀಲಿಯ ಹಾಗೇ ಕಾಣುತ್ತದೆ. ಉಜ್ವಲ ನೀಲಿಯೇನೂ ಬರಲ್ಲ ಅನ್ನಿ. ಆದರೆ ಟ್ಯೂಬು ನಾಲ್ಕೇ ಇದ್ದಾಗ ಕೆಸರು ಮಾಡುವುದೂ ಕಷ್ಟ. ನನ್ನಂಥವರಿಗೆ ಅದೇ ದೊಡ್ಡ ಉಪಕಾರ.

ಟ್ಯೂಬಿನ ಮಾತು ಬಂತಲ್ಲ, ಒಂದು ದಿನ ಸುರುಳಿ ಸುತ್ತಿ ಸುತ್ತಿ ಕೊನೆಯ ಹನಿ ಹಿಂಡುತ್ತಿದ್ದೆ. ಹಿಂದೆಲ್ಲ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರಂತೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ ಹಿಂಡುವ ತವರದ ಟ್ಯೂಬಿಗೆ ಪೇಟೆಂಟ್ ತೆಗೆದುಕೊಂಡ. ಮೇಷ್ಟ್ರು ಇದನ್ನು ಹೇಳಿದ ಮೇಲೆ ಟ್ಯೂಬನ್ನು ಬುಡದಿಂದಲೇ ಮರ್ಯಾದೆಯಾಗಿ ಹಿಂಡುತ್ತಿದ್ದೇನೆ.

ಮನೆಪಾಠದಲ್ಲಿ ಎರಡು ಎಡವಟ್ಟು ಮಾಡಿಕೊಂಡೆ. ಹೊಸಬರು ಇದಿಷ್ಟನ್ನು ನಿಧಾನವಾಗಿ ಓದಿ.

ಒಂದು, ಅಗಸೆ ಎಣ್ಣೆಯ ಮೋಹ. ಎಣ್ಣೆ ಬೆರೆಸಿದರೆ ಬಣ್ಣ ಜಾರುತ್ತದೆ, ಹೊಳೆಯುತ್ತದೆ. ಆ ಹೊಳಪಿಗೆ ಮರುಳಾಗಿ ಕೆಳಗಿನ ಪದರಕ್ಕೇ ಎಣ್ಣೆ ಸುರಿದು, ಅದರ ಮೇಲೆ ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಬಣ್ಣ ಹಚ್ಚಿದೆ. ಕೆಲವು ತಿಂಗಳ ನಂತರ ನೋಡಿದರೆ ಬತ್ತಿದ ಕೆರೆಯ ಹಾಗೆ ಬಿರುಕು. ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲಿನ ತೆಳು ಪದರ ಬೇಗ ಬಿಗಿದುಕೊಂಡಿತು, ಕೆಳಗಿನ ಎಣ್ಣೆಪದರ ಇನ್ನೂ ಅಲುಗಾಡುತ್ತಿತ್ತು. ಬಿರಿಯದೆ ಇನ್ನೇನು? ಅದಕ್ಕೇ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಜಾಸ್ತಿ. ಬಣ್ಣ ಬಣ್ಣಕ್ಕೂ ವ್ಯತ್ಯಾಸ ಇದೆ. ಅಂಬರ್ ಬೇಗ ಒಣಗುತ್ತದೆ, ಅದರಲ್ಲಿ ಮ್ಯಾಂಗನೀಸ್ ಇರುತ್ತದೆ. ಐವರಿ ಬ್ಲ್ಯಾಕ್ ತುಂಬಾ ಸತಾಯಿಸುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ಎಣ್ಣೆಯ ಬಾಟಲಿ ಉರುಳಿ ಚೆಲ್ಲಿತು. ಹಳೇ ಬನಿಯನ್ನುಗಳಲ್ಲಿ ಒರೆಸಿ, ಉಂಡೆ ಮಾಡಿ, ಪ್ಲಾಸ್ಟಿಕ್ ಕಸದ ಬುಟ್ಟಿಗೆ ತುರುಕಿದೆ. ಸಂಜೆ ಬುಟ್ಟಿ ಖಾಲಿ ಮಾಡಲು ಹೋದರೆ ಉಂಡೆ ಕೈಗೆ ಬೆಚ್ಚಗೆ ತಾಗಿತು. ಒಳಗೆ ಬೆರಳಿಟ್ಟರೆ ಇನ್ನೂ ಬಿಸಿ. ಬಿಸಿಲಿಗೆ ಇರಬೇಕು ಅಂದುಕೊಂಡೆ. ಕೋಣೆಯ ಆ ಮೂಲೆಗೆ ಬಿಸಿಲೇ ಬರಲ್ಲ ಅನ್ನುವುದು ಆಮೇಲೆ ಹೊಳೆಯಿತು. ತಮಾಷೆಯಾಗಿ ಮೇಷ್ಟ್ರಿಗೆ ಹೇಳಿದೆ. ಅವರು ನನ್ನನ್ನು ಬೈದದ್ದು ಅದೊಂದೇ ದಿನ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಬಟ್ಟೆ ಉಂಡೆಯಾಗಿದ್ದರೆ ಆ ಶಾಖಕ್ಕೆ ಹೋಗಲು ದಾರಿ ಇಲ್ಲ, ಏರುತ್ತಾ ಹೋಗಿ ತಾನೇ ಹೊತ್ತಿಕೊಳ್ಳಬಹುದು. ಕಿಡಿಯೇ ಬೇಕಾಗಿಲ್ಲ. ಈಗ ಎಣ್ಣೆ ಬಟ್ಟೆಗಳನ್ನು ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕುತ್ತೇನೆ, ಇಲ್ಲವೇ ಹೊರಗೆ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ ಬಿಸಾಕುತ್ತೇನೆ. ಟರ್ಪೆಂಟೈನ್ ವಾಸನೆಗೆ ತಲೆನೋವು ಬರುತ್ತಿತ್ತು, ವಾಸನೆ ಇಲ್ಲದ ಥಿನ್ನರಿಗೆ ಬದಲಾದೆ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಅಂತಲ್ಲ, ಕಿಟಕಿ ತೆಗೆದೇ ಇರಬೇಕು.

ದೊಡ್ಡವರಾದ ಮೇಲೆ ಕಲಿಯುವುದರಲ್ಲಿ ಕೈಗಿಂತ ಬಾಯಿ ಜಾಸ್ತಿ ತೊಂದರೆ ಕೊಡುತ್ತದೆ. ಆಫೀಸಿನಲ್ಲಿ ನಾಲ್ಕು ಜನ ಬಂದು ನನ್ನನ್ನು ಕೇಳುತ್ತಾರೆ. ಇಲ್ಲಿ ಒಂದು ಕಪ್ಪಿನ ಕಿವಿ ನೆಟ್ಟಗೆ ಬರಲ್ಲ. ಆ ಮುಜುಗರ ಮುಚ್ಚಲು ಮಾತಾಡುತ್ತಿದ್ದೆ. ಬ್ರಷ್ ಸರಿ ಇಲ್ಲ, ನಿನ್ನೆ ನಿದ್ದೆ ಆಗಲಿಲ್ಲ, ಇದನ್ನು ಬೇಕಂತಲೇ ಹೀಗೆ ಮಾಡಿದ್ದು. ತುಂಬಾ ಜನ ಇರುವ ಕ್ಲಾಸಲ್ಲಿ ಈ ಮಾತು ಗದ್ದಲದಲ್ಲಿ ಹೋಗಿಬಿಡುತ್ತದೆ. ಒಬ್ಬರೇ ಇದ್ದಾಗ ಅದು ಕೋಣೆಯಲ್ಲೇ ಉಳಿಯುತ್ತದೆ. ‘ಹೇಳಬೇಡಿ, ಬಿಡಿಸಿ’ ಅಂತ ಒಂದು ದಿನ ಮೆಲ್ಲಗೆ ಅಂದರು. ಆಮೇಲಿನ ಪಾಠಗಳಲ್ಲಿ ಬ್ರಷ್ಷಿನ ಸದ್ದು ಕೇಳಿಸಲು ಶುರುವಾಯಿತು. ಹಂದಿಕೂದಲಿನ ಬ್ರಷ್ ಕ್ಯಾನ್ವಾಸ್ ಮೇಲೆ ಹೋಗುವಾಗ ಪೊರಕೆ ಆಡಿಸಿದ ಹಾಗೆ ಸಣ್ಣ ಸದ್ದು ಬರುತ್ತದೆ, ಗೊತ್ತೇ ಇರಲಿಲ್ಲ.

ಕ್ಯಾನ್ವಾಸಿಗೆ ಸುಮ್ನೆ ದುಡ್ಡು ಹಾಕಬೇಡಿ. ಗೆಸೊ, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಲೇಪ, ಹಚ್ಚಿದ ದಪ್ಪ ಕಾಗದ ಅಭ್ಯಾಸಕ್ಕೆ ಸಾಕು. ಉಳಿದ ದುಡ್ಡಲ್ಲಿ ನಾಲ್ಕು ಒಳ್ಳೇ ಟ್ಯೂಬ್ ತಗೊಳ್ಳಿ. ವಿದ್ಯಾರ್ಥಿಗಳಿಗೆ ಅಂತ ಮಾರುವ ಅಗ್ಗದ ಟ್ಯೂಬಿನಲ್ಲಿ ಬಣ್ಣದ ಪುಡಿ ಕಡಿಮೆ, ತುಂಬುವ ಪುಡಿ ಜಾಸ್ತಿ.

ಇನ್ನು ಕೆಸರಿನ ಕಥೆ. ಏಳನೇ ತಿಂಗಳಲ್ಲಿ ಮೇಷ್ಟ್ರು ಒಂದು ಈರುಳ್ಳಿ ತಂದಿಟ್ಟು, ಅಂಗೈ ಅಗಲದ ಹಲಗೆ ಕೊಟ್ಟರು. ‘60 ಸ್ಟ್ರೋಕ್. ಅಷ್ಟರಲ್ಲಿ ಮುಗೀಬೇಕು’ ಅಂತ ನೋಟ್‌ಬುಕ್ ಹಿಡಿದು ಹಿಂದೆ ಕೂತರು. ನಾನು ಒಂದೊಂದು ಸಲ ಬ್ರಷ್ ಇಟ್ಟಾಗಲೂ ಅವರ ಪೆನ್ಸಿಲ್ ಒಂದು ಗೀಟು ಎಳೆಯುತ್ತಿತ್ತು. ಮೊದಲ ಈರುಳ್ಳಿ ಹಿನ್ನೆಲೆ ಬಳಿಯುವುದರಲ್ಲೇ 60 ದಾಟಿತು. ಎರಡನೆಯದಕ್ಕೆ ಅಗಲದ ಬ್ರಷ್ ತಗೊಂಡೆ. ಮೂರನೆಯ ವಾರ ಒಂದು ಬದಲಾವಣೆ ಆಯಿತು: ಎಣಿಕೆ ಇದೆ ಅನ್ನುವ ಭಯಕ್ಕೆ, ಕಲಸುವ ಹಲಗೆಯ ಮೇಲೆ ಬಣ್ಣ ಸರಿಹೋಗುವವರೆಗೂ ಬ್ರಷ್ ಎತ್ತಲೇ ಇಲ್ಲ. ಕಲಸಿ, ಈರುಳ್ಳಿ ನೋಡಿ, ಮತ್ತೆ ಕಲಸಿ, ಒಂದು ಸಲ ಇಟ್ಟೆ. ತಿಕ್ಕಲಿಲ್ಲ. ಸಿಪ್ಪೆಯ ತಾಮ್ರದ ಹೊಳಪಿಗೆ ಮೂರೇ ಸ್ಟ್ರೋಕ್ ಸಾಕಾಯಿತು. ಎಡಗಡೆ ಬೇರಿನ ಹತ್ತಿರ ಇನ್ನೂ ಬರೀ ಕಂದು ತಳ ಕಾಣುತ್ತಿತ್ತು, ಅಷ್ಟರಲ್ಲಿ ಹಿಂದಿನಿಂದ ಧ್ವನಿ: ‘ಸಾಕು, ಬ್ರಷ್ ಕೆಳಗಿಡಿ.’

‘ಇನ್ನೊಂದೇ ಒಂದು ಸರ್. ಇಲ್ಲಿ, ಬೇರಿನ ಹತ್ತಿರ.’

‘60 ಆಯ್ತು.’

ಅಷ್ಟರಲ್ಲಿ ಅವರ ಫೋನ್ ಬಂತು. ನೋಟ್‌ಬುಕ್ ಕುರ್ಚಿ ಮೇಲಿಟ್ಟು ಹೊರಗೆ ಹೋದರು. ನಾನು ಬಾಗಿಲ ಕಡೆ ನೋಡಿದೆ. ಬೇರಿನ ಹತ್ತಿರ ಸಣ್ಣದೊಂದು, ತೀರಾ ಸಣ್ಣದೊಂದು ಇಟ್ಟೆ.

ಬಂದರು. ಹಲಗೆಯನ್ನು ಒಂದು ಕ್ಷಣ ನೋಡಿದರು. ಮಾತಾಡದೆ ನೋಟ್‌ಬುಕ್ ತೆಗೆದುಕೊಂಡು ಇನ್ನೊಂದು ಗೀಟು ಎಳೆದರು. ನಾನು ಬಣ್ಣ ಕಲಸುವ ಚಾಕು ತಗೊಂಡು, ಆ ಒಂದನ್ನು ಮೆಲ್ಲಗೆ ಹೆರೆದು ತೆಗೆದೆ.