ಹೊಸಬರಿಗೆ ಮಾರ್ಗದರ್ಶಿ: ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ವಿಮೆ ಇಲ್ಲದಿದ್ದರೆ ಬೀಳುವ ದಂಡ

ಯುಗಾದಿ ಊಟದ ಪಂಕ್ತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಈ ಮಾತು ಹೇಳುತ್ತಾರೆ: "ವಿಮೆ ಇಲ್ಲದಿದ್ದರೆ ದಂಡ ಅನ್ನುವುದೆಲ್ಲ ಹಳೆಯ ಕಥೆ, ಅದನ್ನು ಎಂದೋ ತೆಗೆದುಹಾಕಿದ್ದಾರೆ." ಹೇಳುವವರು ಸುಳ್ಳು ಹೇಳುತ್ತಿಲ್ಲ. 2010ರ ಆರೋಗ್ಯ ಕಾಯ್ದೆಯ ಪ್ರಕಾರ 2014ರಲ್ಲಿ ಶುರುವಾದ ಫೆಡರಲ್ ದಂಡವನ್ನು 2017ರ ತೆರಿಗೆ ಕಾನೂನು ಸೊನ್ನೆಗೆ ಇಳಿಸಿತು. 2019ರಿಂದ ಆ ಬಾಬ್ತಿನಲ್ಲಿ ಫೆಡರಲ್ ಸರ್ಕಾರಕ್ಕೆ ಯಾರೂ ಏನೂ ಕಟ್ಟುತ್ತಿಲ್ಲ. ರಾಜ್ಯದ ದಂಡವೂ ಇಲ್ಲದ ಟೆಕ್ಸಾಸ್‌ನಲ್ಲಿ ನಾಲ್ಕು ವರ್ಷ ಇದ್ದು ಇಲ್ಲಿಗೆ ಬಂದವರ ಅನುಭವ ಅಷ್ಟೇ. ಆದರೆ ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ಮಾಡಿಕೊಂಡು 2020ರ ಜನವರಿ 1ರಿಂದ ತನ್ನದೇ ದಂಡ ಹಾಕುತ್ತಿದೆ. ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ರೋಡ್ ಐಲೆಂಡ್ ಮತ್ತು ವಾಷಿಂಗ್ಟನ್ ಡಿ.ಸಿ.ಗಳಲ್ಲೂ ದಂಡವಿದೆ, ಲೆಕ್ಕ ಬೇರೆ ಬೇರೆ. ಅಲ್ಲಿರುವ ನೆಂಟರ ಸಲಹೆಯನ್ನು ಇಲ್ಲಿಗೆ ಅನ್ವಯಿಸಬೇಡಿ.

ದಂಡ ಎಷ್ಟು?

ದಂಡವನ್ನು ರಾಜ್ಯದ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ತೆರಿಗೆಯ ಜೊತೆಯಲ್ಲೇ ವಸೂಲಿ ಮಾಡುತ್ತದೆ. ಎರಡು ರೀತಿ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದನ್ನು ಹಾಕುತ್ತಾರೆ. ಮೊದಲನೆಯದು ತಲೆಲೆಕ್ಕ. 2024ರ ತೆರಿಗೆ ವರ್ಷಕ್ಕೆ ವಯಸ್ಕರಿಗೆ ತಲಾ 900 ಡಾಲರ್, 18 ತುಂಬದ ಮಕ್ಕಳಿಗೆ ತಲಾ 450. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ ವರ್ಷಕ್ಕೆ 2,700 ಡಾಲರ್. ಎರಡನೆಯದು ಆದಾಯದ ಲೆಕ್ಕ: ರಿಟರ್ನ್ ಸಲ್ಲಿಸಲೇಬೇಕಾದ ಮಿತಿಗಿಂತ ಮೇಲಿನ ಕುಟುಂಬದ ಆದಾಯದ ಶೇ. 2.5. ಮಿತಿ ಕಳೆದು 1,20,000 ಡಾಲರ್ ಉಳಿಯಿತು ಎಂದುಕೊಳ್ಳಿ. 3,000 ಆಗುತ್ತದೆ, ಇದೇ ಹೆಚ್ಚು. ಐಟಿ ಸಂಬಳದ ಮನೆಗಳಿಗೆ ಸಾಮಾನ್ಯವಾಗಿ ತಾಗುವುದು ಈ ಎರಡನೆಯ ಲೆಕ್ಕವೇ. ತಲೆಲೆಕ್ಕದ ಮೊತ್ತವನ್ನು ಆಗಾಗ ಏರಿಸುತ್ತಾರೆ, ಆದ್ದರಿಂದ ಆಯಾ ವರ್ಷದ ಅಂಕಿಯನ್ನು ಬೋರ್ಡಿನ ಜಾಲತಾಣದಲ್ಲೇ ನೋಡಿಕೊಳ್ಳಿ.

ದಂಡ ತಿಂಗಳ ಲೆಕ್ಕದಲ್ಲಿ ಬೀಳುತ್ತದೆ. ಒಂದು ತಿಂಗಳಲ್ಲಿ ಒಂದೇ ದಿನ ವಿಮೆ ಇದ್ದರೂ ಆ ತಿಂಗಳು ಪಾರಾದಂತೆ. ಸತತ ಮೂರು ತಿಂಗಳವರೆಗಿನ ಅಂತರಕ್ಕೆ ವಿನಾಯಿತಿಯಿದೆ, ವರ್ಷದಲ್ಲಿ ಮೊದಲ ಅಂತರಕ್ಕೆ ಮಾತ್ರ. ನಾಲ್ಕನೆಯ ತಿಂಗಳಿಗೆ ಕಾಲಿಟ್ಟರೆ "ಮೂರು ತಿಂಗಳು ಬಿಟ್ಟು ಒಂದಕ್ಕೆ ಕಟ್ಟುತ್ತೇನೆ" ಎನ್ನುವಂತಿಲ್ಲ, ನಾಲ್ಕಕ್ಕೂ ಕಟ್ಟಬೇಕು. ಮೇಲಿನ ಉದಾಹರಣೆಯ ಮನೆಯಲ್ಲಿ ನಾಲ್ವರಿಗೂ ನಾಲ್ಕು ತಿಂಗಳು ವಿಮೆಯಿಲ್ಲದಿದ್ದರೆ 1,000 ಡಾಲರ್. ಆ ಹಣಕ್ಕೆ ಒಂದು ಮಾತ್ರೆಯೂ ಬರುವುದಿಲ್ಲ.

ಯಾವುದು ವಿಮೆ, ಯಾವುದು ಅಲ್ಲ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಬೆಂಗಳೂರಿನಿಂದ ಹೊರಡುವಾಗ ಕೊಂಡ ಪ್ರಯಾಣ ವಿಮೆಯಾಗಲಿ, ಊರಿನಲ್ಲಿ ವರ್ಷಗಟ್ಟಲೆ ಕಂತು ಕಟ್ಟಿಕೊಂಡು ಬಂದ ಮೆಡಿಕ್ಲೇಮ್ ಆಗಲಿ ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ. ಬರಿಯ ಹಲ್ಲಿನ ಅಥವಾ ಕಣ್ಣಿನ ವಿಮೆಯೂ ಅಷ್ಟೇ. ಕಂಪನಿಯ ಆರೋಗ್ಯ ವಿಮೆ, ಕವರ್ಡ್ ಕ್ಯಾಲಿಫೋರ್ನಿಯಾ ಎಂಬ ರಾಜ್ಯದ ಮಾರುಕಟ್ಟೆಯಲ್ಲಿ ಕೊಂಡದ್ದು, ಕಡಿಮೆ ಆದಾಯದವರಿಗೆ ರಾಜ್ಯ ಕೊಡುವ ಮೆಡಿ-ಕ್ಯಾಲ್, ಮುಖ್ಯವಾಗಿ ಹಿರಿಯರಿಗಿರುವ ಫೆಡರಲ್ ವಿಮೆಯಾದ ಮೆಡಿಕೇರ್ ಇವು ನಡೆಯುತ್ತವೆ. ವಿಶ್ವವಿದ್ಯಾಲಯದ ವಿದ್ಯಾರ್ಥಿ ವಿಮೆ ಈ ಕಾನೂನಿಗೆ ಒಪ್ಪಿಗೆಯಾಗುತ್ತದೆಯೇ ಎಂದು ಅಲ್ಲಿಯ ಆರೋಗ್ಯ ಕೇಂದ್ರದಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಕಂಪನಿ ಸೇರಿದವರಿಗೆ ವಿಮೆ ಆರಿಸಿಕೊಳ್ಳಲು ಬಹಳ ಕಡೆ 30 ದಿನಗಳ ಗಡುವು. ಮನೆ ಹುಡುಕುವ, ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಗಡಿಬಿಡಿಯಲ್ಲಿ ಅದು ಸದ್ದಿಲ್ಲದೆ ಮುಗಿದುಹೋಗುತ್ತದೆ. ನಾನು ಬಂದ ವರ್ಷ ಹೆಂಡತಿ, ಮಗಳು ಎರಡು ತಿಂಗಳು ತಡವಾಗಿ ಬಂದರು. ಅವರ ಹೆಸರು ತಾನಾಗಿಯೇ ಸೇರುತ್ತದೆ ಎಂದು ನಂಬಿ ಕುಳಿತಿದ್ದೆ. ಸೇರಲಿಲ್ಲ. ಆದ್ದರಿಂದ ಸಂಸಾರ ಬಂದಿಳಿದ ವಾರವೇ ಎಚ್‌ಆರ್ ವಿಭಾಗಕ್ಕೆ ಬರೆದು ಕೇಳಿ. ಇಲ್ಲಿ ಮಗು ಹುಟ್ಟಿದಾಗಲೂ ಹಾಗೆಯೇ: ತೊಟ್ಟಿಲು ಶಾಸ್ತ್ರಕ್ಕಿಂತ ಮೊದಲು ಅದರ ಹೆಸರು ವಿಮೆಗೆ ಸೇರಲಿ. ಅಪ್ಪ ಅಮ್ಮನಿಗೆ ವಿಮೆಯಿದ್ದು ಮಗುವಿಗೆ ಇಲ್ಲದಿದ್ದರೆ ಮಗುವಿನ ಪಾಲಿನ ದಂಡ ಬಿದ್ದೇ ಬೀಳುತ್ತದೆ.

ಕಂಪನಿಯ ವಿಮೆ ಸಿಗದವರಿಗೆ ಕವರ್ಡ್ ಕ್ಯಾಲಿಫೋರ್ನಿಯಾ ಇದೆ. ಎಚ್‌-1ಬಿ (ಕೆಲಸದ), ಎಚ್‌-4 (ಅವರ ಸಂಸಾರದ), ಎಫ್‌-1 (ವಿದ್ಯಾರ್ಥಿ) ವೀಸಾದವರೂ ಅಲ್ಲಿ ವಿಮೆ ಕೊಳ್ಳಬಹುದು. ವಾರ್ಷಿಕ ನೋಂದಣಿ ನವೆಂಬರ್ 1ಕ್ಕೆ ತೆರೆಯುತ್ತದೆ. ಹೊಸದಾಗಿ ರಾಜ್ಯಕ್ಕೆ ಬಂದವರಿಗೆ, ಮದುವೆಯಾದವರಿಗೆ, ಇದ್ದ ವಿಮೆ ಕಳೆದುಕೊಂಡವರಿಗೆ ನಡುವರ್ಷದಲ್ಲೂ 60 ದಿನಗಳ ಅವಕಾಶವಿದೆ. ಒಂದು ಬದಲಾವಣೆ ನೆನಪಿರಲಿ: 2025ರ ಫೆಡರಲ್ ಕಾನೂನಿನಿಂದಾಗಿ 2027ರಿಂದ ಈ ತಾತ್ಕಾಲಿಕ ವೀಸಾದವರಿಗೆ ಪ್ರೀಮಿಯಂಗೆ ಸಿಗುತ್ತಿದ್ದ ಫೆಡರಲ್ ನೆರವು ನಿಲ್ಲುತ್ತದೆ. ಕೊಳ್ಳಲು ಅಡ್ಡಿಯಿಲ್ಲ, ಪೂರ್ತಿ ಬೆಲೆ ಕೊಡಬೇಕು.

ಕೆಲಸ ಹೋದಾಗ

ಕೆಲಸ ಹೋದವರಿಗೆ, ಬೇರೆ ಕೆಲಸ ಹುಡುಕಿಕೊಳ್ಳಲು ವೀಸಾದಲ್ಲಿ ಸಿಗುವ 60 ದಿನಗಳ ಚಿಂತೆಯೇ ತಲೆ ತುಂಬಿರುತ್ತದೆ, ವಿಮೆ ನೆನಪಾಗುವುದಿಲ್ಲ. ಹಳೆಯ ಕಂಪನಿಯ ವಿಮೆಯನ್ನೇ ಸ್ವಂತ ಖರ್ಚಿನಲ್ಲಿ ಮುಂದುವರಿಸುವ ಕೋಬ್ರಾ ಸೌಲಭ್ಯವನ್ನು ಆರಿಸಿಕೊಳ್ಳಲು ಕನಿಷ್ಠ 60 ದಿನಗಳ ಕಾಲಾವಕಾಶವಿದೆ. ಆರಿಸಿ ಹಣ ಕಟ್ಟಿದರೆ ವಿಮೆ ನಿಂತ ದಿನದಿಂದಲೇ ಅದು ಅನ್ವಯವಾಗುತ್ತದೆ. ಕಂಪನಿ ಕೊಡುತ್ತಿದ್ದ ಪಾಲನ್ನೂ ನೀವೇ ಭರಿಸಬೇಕಾದ್ದರಿಂದ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಕವರ್ಡ್ ಕ್ಯಾಲಿಫೋರ್ನಿಯಾದ ದರದೊಂದಿಗೆ ಹೋಲಿಸಿ ನೋಡಿ.

ಊರಿನಿಂದ ಬರುವ ಅಪ್ಪ ಅಮ್ಮ

ಸಂದರ್ಶಕರ ವೀಸಾದಲ್ಲಿ ಕೆಲವು ತಿಂಗಳಿಗೆ ಬರುವ ಹಿರಿಯರು ಇಲ್ಲಿಯ ನಿವಾಸಿಗಳಲ್ಲ, ಅವರಿಗೆ ಈ ದಂಡವಿಲ್ಲ. (ಹಾಗೆಂದು ಅವರನ್ನು ಸಂದರ್ಶಕರ ವಿಮೆಯಿಲ್ಲದೆ ಕರೆಸಬೇಡಿ. ಒಂದು ರಾತ್ರಿಯ ಎದೆನೋವಿನ ಬಿಲ್ಲಿನ ಮುಂದೆ ಯಾವ ದಂಡವೂ ಲೆಕ್ಕಕ್ಕಿಲ್ಲ.) ಗ್ರೀನ್ ಕಾರ್ಡ್ ಪಡೆದು ನೆಲೆಸಿದವರ ವಿಷಯ ಬೇರೆ. ಇಲ್ಲಿ ದುಡಿಯದ ಹಿರಿಯರು 65 ದಾಟಿದ್ದರೂ, ಐದು ವರ್ಷ ಸತತವಾಗಿ ದೇಶದಲ್ಲಿ ನೆಲೆಸುವವರೆಗೆ ಮೆಡಿಕೇರ್ ಕೊಳ್ಳಲಾರರು. ಅಷ್ಟರವರೆಗೆ ಬೇರೆ ವಿಮೆ ಬೇಕು. ಅವರನ್ನು ನಿಮ್ಮ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸಿದರೆ ಅವರ ದಂಡವೂ ನಿಮ್ಮ ತಲೆಗೇ.

ತೆರಿಗೆ ಸಲ್ಲಿಸುವಾಗ

ರಾಜ್ಯದ ತೆರಿಗೆ ರಿಟರ್ನ್ ನಮೂನೆಯಲ್ಲಿ (ಫಾರ್ಮ್ 540, ವರ್ಷದ ನಡುವೆ ಬಂದವರಿಗೆ 540ಎನ್‌ಆರ್) ವರ್ಷಪೂರ್ತಿ ವಿಮೆಯಿತ್ತು ಎಂದು ಗುರುತು ಹಾಕುವ ಚೌಕವಿದೆ. ಮನೆಯ ಎಲ್ಲರಿಗೂ ಹನ್ನೆರಡು ತಿಂಗಳೂ ವಿಮೆಯಿದ್ದರೆ ಮಾತ್ರ ಅದನ್ನು ಗುರುತಿಸಿ. ಆಗಸ್ಟ್‌ನಲ್ಲಿ ಬಂದವರು "ಬಂದ ದಿನದಿಂದ ವಿಮೆಯಿದೆಯಲ್ಲ" ಎಂದು ಗುರುತು ಹಾಕಿಬಿಡುತ್ತಾರೆ, ಅದು ತಪ್ಪು. ಅವರು ಎಫ್‌ಟಿಬಿ 3853 ಎಂಬ ನಮೂನೆಯಲ್ಲಿ ತಾವು ಇಲ್ಲಿನ ನಿವಾಸಿಗಳಾಗಿರದ ತಿಂಗಳುಗಳಿಗೆ ವಿನಾಯಿತಿ ಕೇಳಬೇಕು. ಬೆಲೆ ಕೈಗೆಟುಕದಿದ್ದವರು, ಮೂರು ತಿಂಗಳೊಳಗಿನ ಅಂತರವಿದ್ದವರು ವಿನಾಯಿತಿ ಪಡೆಯುವುದೂ ಇದರಲ್ಲೇ. ವರ್ಷದ ಆರಂಭದಲ್ಲಿ, ಹಿಂದಿನ ವರ್ಷ ಯಾವ ತಿಂಗಳು ವಿಮೆಯಿತ್ತು ಎಂದು ತಿಳಿಸುವ 1095 ಎಂಬ ಸಂಖ್ಯೆಯ ಕಾಗದವೊಂದು ಕಂಪನಿಯಿಂದಲೋ ವಿಮಾ ಸಂಸ್ಥೆಯಿಂದಲೋ ಬರುತ್ತದೆ. ಅದರ ಪ್ರತಿ ಬೋರ್ಡಿಗೂ ಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಪ್ರವೇಶದ ಮುದ್ರೆ ಬಿದ್ದ ಪುಟದ ನಕಲಿನ ಜೊತೆ ಅದನ್ನೂ ಒಂದೇ ಫೈಲಿನಲ್ಲಿಡಿ.