ತುಂಬಿದ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿದೆಯಾ?

ಬೆಳಿಗ್ಗೆ ತುಂಬಿಸಿ ಬ್ಯಾಗಿಗೆ ಹಾಕಿದ ನೀರು ಸಂಜೆ ಹಾಗೇ ಮನೆಗೆ ಬರುತ್ತಿತ್ತು. ಅದನ್ನು ಬಸಳೆ ಬುಡಕ್ಕೆ ಸುರಿದು ಒಳಗೆ ಹೋಗುವುದು ನನ್ನ ವರ್ಷಗಟ್ಟಲೆಯ ಅಭ್ಯಾಸ. ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸು, ಒಂದೂಕಾಲು ಗಂಟೆ, ಮಧ್ಯೆ ಎಲ್ಲೂ ಇಳಿಯುವಂತಿಲ್ಲ, ಹಾಗಾಗಿ ನೀರನ್ನೇ ಬಿಟ್ಟಿದ್ದೆ. ಒಂದು ರಾತ್ರಿ ಸೊಂಟದ ಪಕ್ಕದಲ್ಲಿ ಎದ್ದ ನೋವು ಬೆಳಗಿನ ತನಕ ಬಿಡಲಿಲ್ಲ. ಸ್ಕ್ಯಾನ್ ಮಾಡಿದರೆ ಕಿಡ್ನಿ ಸ್ಟೋನ್. ಆಮೇಲೆ ನೀರು ಕುಡಿಯುವ ಬಗ್ಗೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಲೋಟ ಅಳೆಯಿರಿ. ಒಂದು ಲೀಟರ್ ಬಾಟಲಿ ತುಂಬಿಸಿ, ನೀವು ದಿನಾ ಕುಡಿಯುವ ಲೋಟಕ್ಕೆ ಸುರಿದು ನೋಡಿ. ನನ್ನ ಸ್ಟೀಲ್ ಲೋಟಕ್ಕೆ ಸರಿಯಾಗಿ ಐದು ಸಲ ಬಂತು, ಅಂದರೆ 200 ಮಿಲಿ. ದಿನಕ್ಕೆ ಏಳೆಂಟು ಲೋಟ ಕುಡಿಯುತ್ತೇನೆ ಅಂದುಕೊಂಡಿದ್ದೆ, ಎಣಿಸಿದರೆ ಮೂರೂ ಇರಲಿಲ್ಲ. ಎಷ್ಟು ಬೇಕು? ಅಮೆರಿಕದ ತಜ್ಞರ ಸಮಿತಿ 2004ರಲ್ಲಿ ದಿನಕ್ಕೆ ಹೆಂಗಸರಿಗೆ ಸುಮಾರು 2.7 ಲೀಟರ್, ಗಂಡಸರಿಗೆ 3.7 ಲೀಟರ್ ಎಂದಿತ್ತು. ಇದರಲ್ಲಿ ಊಟ, ಹಣ್ಣು, ಚಹಾ ಎಲ್ಲ ಸೇರಿದೆ, ಬರೀ ನೀರಲ್ಲ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ತೇವ ಜಾಸ್ತಿ ಅಲ್ವಾ, ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ, ಅದಕ್ಕೇ ಮತ್ತೂ ಬೆವರುತ್ತೇವೆ. ಲೆಕ್ಕಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತೆಳು ಹಳದಿ ಇದ್ದರೆ ಸಾಕು, ಗಾಢ ಆದರೆ ಕಮ್ಮಿಯಾಗಿದೆ. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದ ದಿನ ಮಾತ್ರ ಈ ಬಣ್ಣ ನಂಬಬೇಡಿ.

ಇನ್ನು ಅಭ್ಯಾಸದ ವಿಷಯ. ಮೊಬೈಲಿನಲ್ಲಿ ಗಂಟೆಗೊಮ್ಮೆ ಅಲಾರಂ ಇಟ್ಟೆ, ನಾಲ್ಕನೇ ದಿನಕ್ಕೆ ತೆಗೆದೆ. ಹಿಡಿದದ್ದು ಬೇರೆ ದಾರಿ: ಹೇಗೂ ಮಾಡುವ ಕೆಲಸಕ್ಕೆ ನೀರನ್ನು ಕಟ್ಟಿಹಾಕುವುದು. ಹಲ್ಲುಜ್ಜಿದ ಕೂಡಲೇ ಒಂದು ಲೋಟ. ದೋಸೆ ಕಾವಲಿ ಕಾಯುವಷ್ಟರಲ್ಲಿ ಇನ್ನೊಂದು. ಆಫೀಸಿನಲ್ಲಿ ಕುರ್ಚಿಗೆ ಕೂತ ಕೂಡಲೇ, ಕಂಪ್ಯೂಟರ್ ತೆರೆದುಕೊಳ್ಳುವ ಮೊದಲು. ಸಂಜೆ ಕಾಲು ತೊಳೆದು ಒಳಗೆ ಬಂದಾಗ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ, ಒಂದು ಅಭ್ಯಾಸ ತನ್ನಷ್ಟಕ್ಕೇ ಆಗಲು 18ರಿಂದ 254 ದಿನ ಹಿಡಿಯಬಹುದು ಎಂದು ಅಂದಾಜು ಮಾಡಿದ್ದರು, ನಡುವಿನ ಲೆಕ್ಕ 66 ದಿನ. ನೀರು ಕುಡಿಯುವಂಥ ಸಣ್ಣ ಅಭ್ಯಾಸ ವ್ಯಾಯಾಮಕ್ಕಿಂತ ಬೇಗ ಕೂಡಿಬಂತು, ಒಂದು ದಿನ ತಪ್ಪಿದ್ದರಿಂದ ಏನೂ ಕೆಟ್ಟಿರಲಿಲ್ಲ. ಮದುವೆ ಮನೆಗೆ ಹೋದ ದಿನ ಮರೆತರೆ ಮರುದಿನ ಹಲ್ಲುಜ್ಜಿ ಮತ್ತೆ ಕುಡಿಯಿರಿ, ಅಷ್ಟೇ.

ಬಸ್ಸಿನವರಿಗೆ, ಮುಖ್ಯವಾಗಿ ಹೆಂಗಸರಿಗೆ: ಹೊರಡುವ ಮುಕ್ಕಾಲು ಗಂಟೆ ಮೊದಲೇ ಬೆಳಗಿನ ಎರಡು ಲೋಟ ಮುಗಿಸಿ, ಬಾತ್‌ರೂಮಿಗೆ ಹೋಗಿ ಬಸ್ಸು ಹತ್ತಿ. ದಾರಿಯಲ್ಲಿ ಬಾಯಿ ಒದ್ದೆಯಾಗುವಷ್ಟು ಸಾಕು, ಉಳಿದದ್ದನ್ನು ಇಳಿದು ಆಫೀಸಿನಲ್ಲಿ ಕುಡಿಯಿರಿ. ಇಷ್ಟಕ್ಕೂ ಒಂದು ಕ್ಲೀನ್ ಶೌಚಾಲಯ ದಾರಿಯಲ್ಲಿ ಸಿಗುವ ಹಾಗಿದ್ದರೆ ನಾವ್ಯಾರೂ ಬಾಯಾರಿಕೆ ತಡೆದುಕೊಂಡು ಕೂರುತ್ತಿರಲಿಲ್ಲ. ಇದನ್ನು ಜೋರಾಗಿಯೇ ಕೇಳಬೇಕು.

ಸಪ್ಪೆ ನೀರು ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವವರು ಲಾವಂಚ ತನ್ನಿ. ಒಂದು ಹಿಡಿ ಬೇರನ್ನು ಮಣ್ಣು ಹೋಗುವ ತನಕ ಉಜ್ಜಿ ತೊಳೆದು, ದಾರದಲ್ಲಿ ಕಟ್ಟಿ, ರಾತ್ರಿ ಮಣ್ಣಿನ ಹೂಜಿಗೆ ಹಾಕಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ಅಂಗಳದ ಪರಿಮಳ! ಬೇರನ್ನು ಬಿಸಿಲಿಗೆ ಒಣಗಿಸಿ ಎರಡು ಮೂರು ಸಲ ಬಳಸಬಹುದು. ಮಜ್ಜಿಗೆ ನೀರು, ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು, ಬೊಂಡ (ಎಳನೀರು), ಇವೂ ಲೆಕ್ಕಕ್ಕೆ ಸೇರುತ್ತವೆ. ಪುನರ್ಪುಳಿ (ಕೋಕಂ) ಶರಬತ್ತು ಒಳ್ಳೆಯದೇ, ಆದರೆ ಸಕ್ಕರೆ ಕಮ್ಮಿ ಇರಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಾಯಾರುವುದೇ ಇಲ್ಲ, ಆಗ ಫ್ಲಾಸ್ಕಿನಲ್ಲಿ ಬಿಸಿ ಜೀರಿಗೆ ನೀರು ಮೇಜಿನ ಮೇಲೇ ಇಟ್ಟುಕೊಳ್ಳಿ.

ಒಂದೇ ಸಲಕ್ಕೆ ಎರಡು ಮೂರು ಲೀಟರ್ ಸುರಿದುಕೊಳ್ಳಬೇಡಿ, ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗುತ್ತದೆ. ಕಿಡ್ನಿ ಅಥವಾ ಹೃದಯದ ತೊಂದರೆಗೆ ಡಾಕ್ಟ್ರು ನೀರಿಗೆ ಮಿತಿ ಹೇಳಿದ್ದರೆ ಅದೇ ಅಂತಿಮ, ನನ್ನ ಮಾತಲ್ಲ.

ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದು ನೆನಪಿಡಿ. ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗುವುದು ಕಮ್ಮಿಯಾಗುತ್ತದೆ. "ಅಮ್ಮಾ, ನೀರು ಬೇಕಾ?" ಎಂದು ಕೇಳಿದರೆ ಬೇಡ ಎಂದೇ ಹೇಳುತ್ತಾರೆ. ಕೇಳಬೇಡಿ. ನೀವು ಕುಡಿಯುವಾಗ ಇನ್ನೊಂದು ಲೋಟ ತುಂಬಿಸಿ, ಅವರ ಕೈಗೆ ಕೊಟ್ಟು, ಮುಗಿಯುವ ತನಕ ಪಕ್ಕದಲ್ಲಿ ಕೂತು ಮಾತಾಡಿ.